ಮಳೆಯಲ್ಲಿ ಬಿಟ್ಟ ಕೆಂಪು ಸೈಕಲ್ಲು

ಶೋಭಿತಾ ಪೆನ್ನಿನ ಮುಚ್ಚಳ ತೆಗೆದಾಗಿತ್ತು.

"ತಡಿ" ಅಂದೆ ನಾನು.

ಆ ಒಂದು ಮಾತಿಗೆ ಚನ್ನರಾಯಪಟ್ಟಣದ ಬಸ್ ಸ್ಟ್ಯಾಂಡಿನಲ್ಲಿ ಹೊರಟಿದ್ದ ಹಾಸನದ ಬಸ್ಸು, ತನಗೇ ಹೇಳಿದ್ದೆಂದು ತಿಳಿದು ಗಕ್ಕನೆ ನಿಂತುಬಿಟ್ಟಿತಂತೆ. ಬಸ್ಸೇ ನಿಂತ ಮೇಲೆ ಮನುಷ್ಯರ ಪಾಡೇನು. ಸುದರ್ಶನನ ಮನೆಯ ಜಗಲಿಯ ಮೇಲೆ ಕೂತಿದ್ದ ಹತ್ತು ಮಂದಿ ಸೈಕಲ್ ಸವಾರರೂ ಒಟ್ಟಿಗೇ ತಲೆ ಎತ್ತಿದರು. ಕಾಫಿ ಹಂಚುತ್ತಿದ್ದ ಪುಟ್ಟರಾಜುವಿನ ಕೈಯ ತಟ್ಟೆ ಮಾತ್ರ ಅಲುಗಲಿಲ್ಲ. ಮೂವತ್ತು ವರ್ಷದಿಂದ ಅದೇ ಮನೆಯಲ್ಲಿ ಕೆಲಸ ಮಾಡಿ ಪಳಗಿದ ಕೈ ಅದು.

ನಾನು ಮೇಜಿನ ಮೇಲಿಂದ ಕಾಗದ ಎತ್ತಿಕೊಂಡು ಜೋರಾಗಿ ಓದಿದೆ.

'ನನ್ನ ಅಜಾಗರೂಕತೆಯಿಂದ ನಿಸರ್ಗ ಅವರ ಸೈಕಲ್ಲಿನ ಬ್ರೇಕು ಸಡಿಲವಾಗಿ ಉಳಿದು ಅಪಘಾತವಾಯಿತು. ಇದಕ್ಕೆ ನಾನೇ ಹೊಣೆ. ಇನ್ನು ಮುಂದೆ ಯಾವ ಸೈಕಲ್ ಯಾತ್ರೆಗೂ ನಾನು ಮುಂದಾಳಾಗಿ ಹೋಗುವುದಿಲ್ಲ.'

ಕೆಳಗೆ ಸಹಿಗೆ ಜಾಗ. ಅದರ ಪಕ್ಕ, ಬಲು ಕಾಳಜಿಯಿಂದ, ಸ್ಟಾಂಪ್ ಪ್ಯಾಡು. ಎಂ.ಪಿ.ಎಡ್. ಮುಗಿಸಿರುವ ಹುಡುಗಿಗೆ ಹೆಬ್ಬೆಟ್ಟು ಒತ್ತಿಸಲು ಸ್ಟಾಂಪ್ ಪ್ಯಾಡು ತಂದಿಟ್ಟಿದ್ದರು. ನನ್ನ ಮೀಸೆ ಆಗಲೇ ಅರ್ಧ ಇಂಚು ಮೇಲೆ ಹೋಯಿತು.

ಕಳೆದ ಶನಿವಾರ ನರಿಗುಡ್ಡದ ಇಳಿಜಾರಿನಲ್ಲಿ ತಾಲೀಮು ಸವಾರಿ ಮಾಡುವಾಗ ಬ್ರೇಕು ಹಿಡಿಯದೆ ಈ ಸೈಕಲ್ ಬಳಗದ ಹುಡುಗ ನಿಸರ್ಗ ಬಿದ್ದು ಹೆಗಲ ಮೂಳೆ ಮುರಿದುಕೊಂಡ, ಹಾಸನದ ಆಸ್ಪತ್ರೆಯಲ್ಲಿ ಮಲಗಿದ್ದಾನೆ ಅನ್ನುವುದಷ್ಟು ಗೊತ್ತಿದ್ದರೆ ಸಾಕು. ಹಿಂದಿನ ದಿನ ಇದೇ ಅಂಗಳದಲ್ಲಿ ಹನ್ನೆರಡು ಸೈಕಲ್ಲುಗಳನ್ನೂ ತಪಾಸಣೆ ಮಾಡಿದ್ದವಳು ಶೋಭಿತಾ. ಆದ್ದರಿಂದ ತಪ್ಪು ಶೋಭಿತಾಳದು. ಲೆಕ್ಕ ಮುಗಿಯಿತು. ಯಾರೂ ಅವಳನ್ನು ಒಂದು ಮಾತು ಕೇಳಲಿಲ್ಲ.

ಅವಳಿಗೆ ಬ್ರೇಕು ಬಿಚ್ಚಿ ಕಟ್ಟುವುದನ್ನು ಕಲಿಸಿದವನು ಯಾರು? ಹೊಳೆನರಸೀಪುರದ ಗೌರೀಶಂಕರ ಸೈಕಲ್ ಮಾರ್ಟಿನ ಮಾಲೀಕ ಗೌರೀಶಂಕರ. ಅಂದರೆ ನಾನು. ನಾನು ಹೆಬ್ಬೆರಳಲ್ಲಿ ಟೈರು ಒತ್ತಿ ಅದು ಯಾವ ಹೋಬಳಿಯ ರಸ್ತೆ ತುಳಿದಿದೆ ಎಂದು ಹೇಳಬಲ್ಲೆ. ನನ್ನ ಪತ್ತೇದಾರಿಕೆಗೆ ಹೆದರಿ ಹೊಳೆನರಸೀಪುರದ ಸೈಕಲ್ ಕಳ್ಳರು ಅರಸೀಕೆರೆಗೆ ವರ್ಗ ಮಾಡಿಸಿಕೊಂಡು ಹೋದದ್ದು ನಾಲ್ಕು ತಾಲ್ಲೂಕಿಗೂ ಗೊತ್ತು. ಅಂಥ ನಾನು ಎರಡು ವರ್ಷ ಪಕ್ಕದಲ್ಲಿ ಕೂರಿಸಿಕೊಂಡು ಕಲಿಸಿದ ಹುಡುಗಿ ಬ್ರೇಕು ಸಡಿಲ ಬಿಟ್ಟಳು ಅನ್ನುವುದೂ, ನನ್ನ ಕೆನ್ನೆಗೆ ಬಾರಿಸುವುದೂ ಎರಡಲ್ಲ.

ಪಕ್ಕದಲ್ಲಿ ಕೂತಿದ್ದ ನಮ್ಮ ಹೊನ್ನಕ್ಕ ಮೆಲ್ಲಗೆ ನನ್ನ ತೊಡೆ ಚಿವುಟಿದಳು. ಅಕ್ಕ ನನಗಿಂತ ಆರು ವರ್ಷ ದೊಡ್ಡವಳು.

"ಶಂಕ್ರ, ನಿನ್ ಕೆನ್ನೆ ಸುದ್ದಿ ಆಮೇಲ್ ನೋಡನ. ಆ ಮಗೀನ್ ಮಕ ನೋಡ್ಲಾ."

ನೋಡಿದೆ. ಶೋಭಿತಾ ಜಗಲಿಯ ಕೆಳಗಿನ ಮೆಟ್ಟಿಲ ಮೇಲೆ ಕೂತಿದ್ದಳು. ಅಳುತ್ತಿರಲಿಲ್ಲ. ಪೆನ್ನಿನ ಮುಚ್ಚಳವನ್ನು ಹಾಕುತ್ತಿದ್ದಳು, ತೆಗೆಯುತ್ತಿದ್ದಳು.

ಅವಳ ಮುಂದೆ ನೆಲದ ಮೇಲೆ ಒಂದು ಕಡತ ಬಿದ್ದಿತ್ತು. ಬರುವ ಶನಿವಾರದ ಯಾತ್ರೆಗೆ ಅವಳು ಎರಡು ತಿಂಗಳು ಕೂತು ಮಾಡಿದ ಯೋಜನೆ. ಮಲ್ಲಿಪಟ್ಟಣದಿಂದ ಬೆಳಿಗ್ಗೆ ಆರಕ್ಕೆ ಹೊರಟು, ಮೂವತ್ತನಾಲ್ಕು ಕಿಲೋಮೀಟರ್ ಏರಿ, ಹದ್ದಿನಬೋರೆಯ ಮೇಲಿನ ಹುಲ್ಲುಗಾವಲಿನಲ್ಲಿ ಒಂದು ರಾತ್ರಿ ಡೇರೆ ಹಾಕಿ, ಮಾರನೆಯ ದಿನ ಇಳಿಯುವುದು. ಅಲ್ಲಿ ಬೆಟ್ಟದ ಮೇಲೆ ಮನೆಯಿಲ್ಲ, ಅಂಗಡಿಯಿಲ್ಲ, ಫೋನಿಗೆ ಸಿಗ್ನಲ್ಲಿಲ್ಲ. ಯಾವ ತಿರುವಿನಲ್ಲಿ ಇಳಿದು ತಳ್ಳಬೇಕು, ಆನೆ ದಾಟುವ ಜಾಗವನ್ನು ಎಷ್ಟು ಗಂಟೆಯೊಳಗೆ ಬಿಡಬೇಕು, ಯಾರ ಸೈಕಲ್ಲಿಗೆ ಯಾವ ಡೇರೆ, ರಾಗಿಹಿಟ್ಟು ಎಷ್ಟು, ಜಿಗಣೆಗೆ ಸುಣ್ಣದ ಪೊಟ್ಟಣ ಎಷ್ಟು, ಎಲ್ಲ ಬರೆದಿದ್ದಳು. ಅರಣ್ಯ ಇಲಾಖೆಯ ಅನುಮತಿಗೆ ಏಳು ಸಲ ತಿರುಗಿದ್ದಳು. ಇಡೀ ದಾರಿಯನ್ನು ಮೂರು ಸಲ ಒಬ್ಬಳೇ ನಡೆದು ಬಂದಿದ್ದಳು.

ಈ ಒಂದು ಯಾತ್ರೆಯನ್ನು ಅವಳು ಮುಂದೆ ನಿಂತು ಮುಗಿಸಿದರೆ, ಸಕಲೇಶಪುರದ ಕಡೆಯ ಒಂದು ಸಾಹಸ ಶಿಬಿರದವರು ಅವಳನ್ನು ಮುಖ್ಯ ಮಾರ್ಗದರ್ಶಕಿಯಾಗಿ ತೆಗೆದುಕೊಳ್ಳುತ್ತೇವೆ ಎಂದಿದ್ದರು. ಈ ಕಾಗದಕ್ಕೆ ಸಹಿ ಹಾಕಿದರೆ ಆ ಕೆಲಸ ಮಾತ್ರವಲ್ಲ, ಇನ್ನು ಜನ್ಮದಲ್ಲಿ ಯಾರೂ ಅವಳನ್ನು ನಂಬಿ ಒಂದು ಸೈಕಲ್ಲು ಕೊಡುವುದಿಲ್ಲ.

ಸಹಿ ಹಾಕದಿದ್ದರೆ?

ಸುದರ್ಶನ ಅದಕ್ಕೂ ಉತ್ತರ ಇಟ್ಟುಕೊಂಡಿದ್ದ. ಬಳಗದ ಅಧ್ಯಕ್ಷ, ಟ್ರ್ಯಾಕ್ಟರ್ ಷೋರೂಮಿನ ಧಣಿ, ಎದೆಯ ಮೇಲೆ 'ದಾರಿ ಎಲ್ಲರದು' ಎಂದು ಅಚ್ಚು ಹಾಕಿಸಿದ ಹಳದಿ ಟೀ ಶರ್ಟು. ಬಲು ಮೆತ್ತಗೆ ಮಾತಾಡುವ ಮನುಷ್ಯ. ತಾನು ಆ ಹುಡುಗಿಯ ಒಳ್ಳೆಯದಕ್ಕೇ ಹೇಳುತ್ತಿದ್ದೇನೆ, ಅಜಾಗರೂಕತೆ ಎಂದು ಬರೆದುಕೊಟ್ಟರೆ ಇಲ್ಲಿಗೇ ಮುಗಿಯುತ್ತದೆ, ಇಲ್ಲವಾದರೆ ಪುಟ್ಟರಾಜು ಕಣ್ಣಾರೆ ಕಂಡದ್ದನ್ನು ಠಾಣೆಯಲ್ಲಿ ಹೇಳಬೇಕಾಗುತ್ತದೆ ಎಂದ. ಯಾತ್ರೆ ನಿಲ್ಲುವುದಿಲ್ಲ, ತಾನೇ ಮುಂದಾಳಾಗುತ್ತೇನೆ ಎಂದೂ ಸೇರಿಸಿದ.

ಅವನ ಯೋಜನೆಯನ್ನೂ ನೋಡಿದೆ. ಒಂದೇ ಹಾಳೆ. ಅದರಲ್ಲಿ ಹದಿನೆಂಟು ಕೆ.ಜಿ. ಕೋಳಿ, ಎರಡು ಸ್ಪೀಕರು, ಒಂದು ಜನರೇಟರು. ಕುಡಿಯುವ ನೀರು ಅನ್ನುವ ಪದವೇ ಇರಲಿಲ್ಲ. ಜನರೇಟರನ್ನು ಮೂವತ್ತನಾಲ್ಕು ಕಿಲೋಮೀಟರ್ ಬೆಟ್ಟಕ್ಕೆ ಸೈಕಲ್ಲಿನಲ್ಲಿ ಹೊರುವವರು ಯಾರು ಎಂದು ಕೇಳಿದೆ. ಅವನು ಪುಟ್ಟರಾಜುವಿನ ಕಡೆ ನೋಡಿದ. ಪುಟ್ಟರಾಜು ನೆಲ ನೋಡಿದ.

ಅಷ್ಟರಲ್ಲಿ ಕಾಫಿ ನನ್ನ ಮುಂದೆ ಬಂತು. ಸ್ಟೀಲ್ ಲೋಟ, ಹೊಳೆಯುವ ಲೋಟ. ಹೊನ್ನಕ್ಕನಿಗೂ ಅದೇ. ಸುತ್ತಲಿದ್ದವರಿಗೆಲ್ಲ ಅದೇ. ಮೆಟ್ಟಿಲ ಮೇಲಿದ್ದ ಶೋಭಿತಾಳ ಪಕ್ಕದಲ್ಲಿ ಪುಟ್ಟರಾಜು ಒಂದು ಪೇಪರ್ ಕಪ್ಪು ಇಟ್ಟ. ಕೈಗೆ ಕೊಡಲಿಲ್ಲ, ಇಟ್ಟ.

ನಾನು ಅದನ್ನು ಕೂಡಲೇ ಗಮನಿಸಿದೆ. ಅಂದರೆ, ಅರ್ಧ ಕಾಫಿ ಕುಡಿದ ಮೇಲೆ ಹೊನ್ನಕ್ಕ ತನ್ನ ಲೋಟವನ್ನು ಮುಟ್ಟದೆ ತಳ್ಳಿದಾಗ ಗಮನಿಸಿದೆ. ಉಳಿದರ್ಧವನ್ನು ಕೆಳಗಿಟ್ಟೆ.

ಅರುಣ್‌ಕುಮಾರ್ ಒಬ್ಬ ಮಾತ್ರ ಎದ್ದು ಹೋಗಿ, ತನಗೂ ಪೇಪರ್ ಕಪ್ಪಿನಲ್ಲೇ ಹಾಕಿಸಿಕೊಂಡು ಬಂದು, ಶೋಭಿತಾಳ ಪಕ್ಕ ಮೆಟ್ಟಿಲ ಮೇಲೆ ಕೂತ. ಬಳಗದ ಕಾರ್ಯದರ್ಶಿ ಅವನು. ಹಾಸನದಲ್ಲಿ ಡೇರೆ, ಟಾರ್ಪಾಲು, ಹೆಲ್ಮೆಟ್ಟು ಬಾಡಿಗೆಗೆ ಕೊಡುವ ಅಂಗಡಿ ಇಟ್ಟಿದ್ದಾನೆ. ಆ ಹುಡುಗಿಗೆ ಅನ್ಯಾಯ ಆಗುತ್ತಿದೆ, ನೀವೇ ಬರಬೇಕು ಸಾ ಎಂದು ಸೋಮವಾರ ಫೋನು ಮಾಡಿ ನನ್ನನ್ನು ಕರೆಸಿದವನೂ ಅವನೇ. ಇಡೀ ಜಗಲಿಯಲ್ಲಿ ಒಬ್ಬ ಮನುಷ್ಯನಾದರೂ ಇದ್ದಾನಲ್ಲ ಎಂದು ನನಗೆ ಸಮಾಧಾನವಾಯಿತು.

"ಆ ಸೈಕಲ್ಲು ತರಿಸಿ" ಎಂದೆ.

ಬಿದ್ದ ದಿನದಿಂದ ಅದನ್ನು ಕಾರು ನಿಲ್ಲಿಸುವ ಶೆಡ್ಡಿನಲ್ಲಿ ಇಟ್ಟು ಬೀಗ ಹಾಕಿದ್ದರು. ಪುಟ್ಟರಾಜು ತಳ್ಳಿಕೊಂಡು ಬಂದ. ಕೆಂಪು ಬಣ್ಣದ, ಅಗಲ ಚಕ್ರದ, ಬೆಟ್ಟ ಹತ್ತುವ ಸೈಕಲ್ಲು. ಅಂಗಳಕ್ಕೆ ಬರುವ ಮುಂಚೆಯೇ ಅದರ ಚೈನು ಕಿರ್ ಕಿರ್ ಎಂದು ನನಗೆ ಏನನ್ನೋ ಹೇಳಿತು. ಚೈನು ನನ್ನ ಹತ್ತಿರ ಮಾತಾಡುತ್ತದೆ. ಬೇರೆಯವರ ಹತ್ತಿರ ಬರೀ ಸದ್ದು ಮಾಡುತ್ತದೆ.

ಪಂಚೆ ಎತ್ತಿ ಕಟ್ಟಿ ಕುಕ್ಕರುಗಾಲಲ್ಲಿ ಕೂತೆ.

ಮೊದಲು ಬ್ರೇಕು. ವೈರನ್ನು ಕಚ್ಚಿ ಹಿಡಿಯುವ ಸಣ್ಣ ಬೋಲ್ಟು ಮುಂದಿನದೂ ಹಿಂದಿನದೂ ಸಡಿಲವಾಗಿದ್ದವು. ಪೂರ್ತಿ ಬಿಚ್ಚಿರಲಿಲ್ಲ. ಎರಡೂ ಸರಿಯಾಗಿ ಎರಡೆರಡು ಸುತ್ತು. ಅಂಗಳದಲ್ಲಿ ಮೆಲ್ಲಗೆ ಒತ್ತಿದರೆ ಬ್ರೇಕು ಹಿಡಿಯುತ್ತದೆ. ಇಳಿಜಾರಿನಲ್ಲಿ ಜೀವ ಹಿಡಿದು ಒತ್ತಿದರೆ ವೈರು ಜಾರುತ್ತದೆ. ಮರೆತು ಬಿಟ್ಟ ಬೋಲ್ಟು ಒಂದಿರಬಹುದು. ಮುಂದೆ ಎರಡು ಸುತ್ತು, ಹಿಂದೆ ಎರಡು ಸುತ್ತು ಮರೆಯುವ ಮನುಷ್ಯ ಇನ್ನೂ ಹುಟ್ಟಿಲ್ಲ.

ಎರಡನೆಯದು ಗೆರೆ. ಶೋಭಿತಾ ಬೋಲ್ಟು ಬಿಗಿ ಮಾಡಿದ ಮೇಲೆ, ಬೋಲ್ಟಿನ ತಲೆಯಿಂದ ಪಕ್ಕದ ಲೋಹಕ್ಕೆ ಸೇರಿದಂತೆ ಉಗುರಿಗೆ ಹಚ್ಚುವ ಬಣ್ಣದಲ್ಲಿ ಒಂದು ಸಣ್ಣ ಗೆರೆ ಎಳೆಯುತ್ತಾಳೆ. ಆಮೇಲೆ ಯಾರಾದರೂ ಕೂದಲೆಳೆ ತಿರುಗಿಸಿದರೂ ಗೆರೆ ಮುರಿಯುತ್ತದೆ. ಇದು ನಾನು ಕಂಡುಹಿಡಿದ ವಿಧಾನ. ನಾನು ಕಂಡುಹಿಡಿಯುವುದಕ್ಕೆ ಎರಡು ತಿಂಗಳು ಮುಂಚಿನಿಂದ ಅವಳು ಮಾಡುತ್ತಿದ್ದಳು, ಅಷ್ಟೆ. ಇಲ್ಲಿ ಎರಡೂ ಬೋಲ್ಟುಗಳ ಮೇಲೆ ಗೆರೆ ಇತ್ತು. ಎರಡೂ ಗೆರೆ ಮುರಿದಿದ್ದವು.

"ಅವಳು ಬಿಗಿ ಮಾಡಿದಾಳೆ. ಆಮೇಲೆ ಯಾರೋ ಬಿಚ್ಚಿದಾರೆ" ಎಂದೆ.

ಸುದರ್ಶನ ನಕ್ಕ. ಅದನ್ನೇ ತಾನೂ ಹೇಳುತ್ತಿರುವುದು, ಬಿಚ್ಚಿದವಳೂ ಅವಳೇ ಎಂದ. ನಿಸರ್ಗನಿಗೂ ಅವಳಿಗೂ ದಾರಿಯ ವಿಷಯದಲ್ಲಿ ಮಾತಿಗೆ ಮಾತು ಬೆಳೆದಿತ್ತಂತೆ. ಪುಟ್ಟರಾಜುವನ್ನು ಮುಂದೆ ಕರೆದ.

ಪುಟ್ಟರಾಜು ಪಾಠ ಒಪ್ಪಿಸಿದ. ಶುಕ್ರವಾರ ಸಂಜೆ ಮಳೆ ಹಿಡಿದದ್ದರಿಂದ ಅಂಗಳದಲ್ಲಿದ್ದ ಸೈಕಲ್ಲುಗಳನ್ನು ಒಳಗಿನ ಹಜಾರಕ್ಕೆ ತಂದು ನಿಲ್ಲಿಸಿದ್ದ. ಶನಿವಾರ ಬೆಳಗಿನ ನಾಲ್ಕೂವರೆಗೆ ಎದ್ದು ನೋಡಿದರೆ ಹಜಾರದಲ್ಲಿ ಶೋಭಿತಾ ಈ ಕೆಂಪು ಸೈಕಲ್ಲಿನ ಮುಂದೆ ಕೂತು ಬೋಲ್ಟಿಗೆ ಕೀ ಹಾಕಿ ತಿರುಗಿಸುತ್ತಿದ್ದಳು.

"ಒಳಗಡೆ ಹಜಾರದಲ್ಲಾ?" ಎಂದೆ.

"ಊ ಸಾ. ಒಳಗೇಯ. ನನ್ ಕಣ್ಣಾರೆ ಕಂಡೆ."

"ಕೆಂಪು ಸೈಕಲ್ಲೂ ಒಳಗೇ ಇತ್ತಾ?"

"ಇತ್ತು ಸಾ."

ನಾನು ಚೈನಿನ ಮೇಲೆ ಬೆರಳಾಡಿಸಿ ಎತ್ತಿ ತೋರಿಸಿದೆ. ಬೆರಳು ಕಾವಿಯಲ್ಲಿ ಅದ್ದಿದ ಹಾಗಿತ್ತು. ತುಕ್ಕು. ಎಣ್ಣೆ ಹಾಕಿದ ಚೈನು ಹಜಾರದಲ್ಲಿ ಬೆಚ್ಚಗೆ ನಿಂತರೆ ತುಕ್ಕು ಹಿಡಿಯುವುದಿಲ್ಲ. ಇಡೀ ರಾತ್ರಿ ಮಳೆಯಲ್ಲಿ ನೆನೆದು, ಎಣ್ಣೆಯೆಲ್ಲ ತೊಳೆದು ಹೋದರೆ ಮಾತ್ರ ಹೀಗೆ ಹಿಡಿಯುತ್ತದೆ. ಶುಕ್ರವಾರದಿಂದ ಈಚೆಗೆ ಒಂದು ಹನಿ ಮಳೆಯಿಲ್ಲ, ಶನಿವಾರದಿಂದ ಇದು ಶೆಡ್ಡಿನಲ್ಲಿದೆ. ಗೋಡೆಗೆ ಒರಗಿಸಿದ್ದ ಉಳಿದ ಹನ್ನೊಂದು ಸೈಕಲ್ಲಿನ ಚೈನೂ ಮುಟ್ಟಿ ಬಂದೆ. ಬೆರಳಿಗೆ ಬರೀ ಕರೀ ಎಣ್ಣೆ.

"ಹನ್ನೊಂದು ಒಳಗಿತ್ತು ಪುಟ್ಟರಾಜು. ಹನ್ನೆರಡನೇದು ಹೊರಗೆ ನೆನೀತಿತ್ತು."

ಪುಟ್ಟರಾಜುವಿನ ಕೈಯ ತಟ್ಟೆ ಆಗ ಅಲುಗಿತು.

ಸುದರ್ಶನ ನಡುವೆ ಬಾಯಿ ಹಾಕಿದ. ಚೈನಿನ ತುಕ್ಕು ನೋಡಿ ಮನುಷ್ಯನ ಮಾತು ಸುಳ್ಳು ಅನ್ನಲಾಗುತ್ತದೆಯೇ, ಮೂವತ್ತು ವರ್ಷದ ನಂಬಿಕೆಯ ಆಳು ಎಂದ. ಹೌದು ಹೌದು ಎಂದು ಮೂರು ತಲೆ ಅಲ್ಲಾಡಿದವು. ಲೋಹ ಹೇಳಿದ್ದನ್ನು ನಂಬದವರಿಗೆ ಏನು ತೋರಿಸುವುದು? ನನಗೆ ಬಂದ ಕೋಪಕ್ಕೆ ಅಂಗಳದ ತುಳಸಿ ಬಾಡಬೇಕಿತ್ತು.

ಆಗ ಕಂಡಿತು, ಹೊನ್ನಕ್ಕನ ಜಾಗ ಖಾಲಿ. ಯಾವಾಗಲೋ ಎದ್ದು ಒಳಗೆ ಹೋಗಿದ್ದಳು. ಹೊಸ್ತಿಲಾಚೆ ಹಜಾರದ ಕಿಟಕಿಯ ಪಕ್ಕ, ಸುದರ್ಶನನ ಅಜ್ಜಿ ದೊಡ್ಡತಾಯಮ್ಮನ ಮಂಚದ ಮೇಲೆ ಕೂತು ಎಲೆಗೆ ಸುಣ್ಣ ಸವರುತ್ತಿದ್ದಳು. ಎರಡು ಮುದಿ ತಲೆಗಳು ಹತ್ತಿರ ಹತ್ತಿರ ಇದ್ದವು. ಅಲ್ಲಿಂದಲೇ ಅಕ್ಕ ನನ್ನ ಕಡೆ ತಿರುಗಿ, ಅಜ್ಜಿಯತ್ತ ಗದ್ದ ಎತ್ತಿದಳು.

ನನಗೆ ಹೊಳೆದುಬಿಟ್ಟಿತು. ಹೊಳೆದದ್ದು ನನಗೇ. ಅಕ್ಕ ಬರೀ ಗದ್ದ ಎತ್ತಿದ್ದು.

"ಅಜ್ಜಿ, ಒಂದ್ ಗಳಿಗೆ ಈಚೆ ಬತ್ತೀರಾ?"

ದೊಡ್ಡತಾಯಮ್ಮ ಕೋಲೂರಿಕೊಂಡು ಬಂದು ಹೊಸ್ತಿಲ ಒಳಗೇ ಕುರ್ಚಿ ಹಾಕಿಸಿಕೊಂಡು ಕೂತರು. ಎಂಬತ್ತರ ಮೇಲಾದರೂ ಸೊಂಟ ನೆಟ್ಟಗಿತ್ತು. ತಾವು ಮಲಗುವುದೆಲ್ಲಿ ಎಂದು ಕೇಳಿದೆ. ಹಜಾರದಲ್ಲೇ, ಇಲಿ ಓಡಾಡಿದರೂ ಎಚ್ಚರವಾಗುತ್ತದೆ ಎಂದರು. ಶುಕ್ರವಾರವೂ ಅಲ್ಲೇ ಮಲಗಿದ್ದಿರಾ ಎಂದೆ. ಮತ್ತೆಲ್ಲಿ ಮಲಗಲಿ ಎಂದರು.

ನಾನು ದನಿ ತಗ್ಗಿಸಿದೆ. ನಾನು ದನಿ ತಗ್ಗಿಸುವುದು ವರ್ಷಕ್ಕೆ ಒಂದು ಸಲ.

"ಶನಿವಾರ ಬೆಳಗಿನ ಜಾವ, ಅಗೋ ಆ ಮೆಟ್ಲಿನ ಮೇಲೆ ಕೂತಿರೋ ಹುಡುಗಿ ನಿಮ್ಮ ಹಜಾರದೊಳಗೆ ಬಂದು ಕೂತಿದ್ಲಂತೆ. ಪುಟ್ಟರಾಜು ಕಂಡನಂತೆ."

ಸುದರ್ಶನ "ಅಜ್ಜಿ, ನೀನು ಒಳಗೆ ಹೋಗು" ಎಂದು ಎದ್ದ. ತಡವಾಗಿತ್ತು.

"ಏನಂದೆ?" ದೊಡ್ಡತಾಯಮ್ಮನ ಕೋಲು ನೆಲಕ್ಕೆ ಕುಟ್ಟಿತು. "ನನ್ ಒಸ್ಲು ದಾಟಿ? ನಾನು ಈ ಮನೆಗೆ ಸೊಸೆಯಾಗ್ ಬಂದು ಅರವತ್ತೆರಡು ವರ್ಸ ಆಯ್ತು ಕಣಪ್ಪ. ಅವರ ಪೈಕಿ ಒಂದು ನರಪಿಳ್ಳೆ ಈ ಒಸ್ಲು ದಾಟಿಲ್ಲ. ಅವಳು ಬರಾದಿರ್ಲಿ, ಅವಳ ಸೈಕಲ್ನೇ ಒಳೀಕ್ ಬಿಟ್ಟಿಲ್ಲ. ಮಳೆ ಬಂತು ಅಂತ ಪುಟ್ರಾಜ ಎಲ್ಲಾನೂ ಒಳೀಕ್ ತಂದ. ಆ ಕೆಂಪುದು ಅವಳ್ದು, ಅದು ಅಲ್ಲೇ ನೆನೀಲಿ ಅಂತ ನಾನೇ ಅಂದೆ. ಕೇಳು ಅವನ್ನ."

ಎಷ್ಟು ಹೆಮ್ಮೆಯಿಂದ ಹೇಳಿದರೆಂದರೆ, ಆ ಮಾತಿನ ಅರ್ಥ ಜಗಲಿಗೆ ಬಂದು ತಲುಪಲು ಸ್ವಲ್ಪ ಹೊತ್ತು ಹಿಡಿಯಿತು. ತಲುಪಿದ ಮೇಲೆ ಹತ್ತು ಜನ ಹತ್ತು ಕಡೆ ನೋಡಿದರು. ಒಬ್ಬಾತ ತನ್ನ ಸ್ಟೀಲ್ ಲೋಟವನ್ನು ಕುರ್ಚಿಯ ಕೆಳಗೆ ಸರಿಸಿದ.

ನಾನು ಸುದರ್ಶನನ ಎದೆಯ ಮೇಲಿನ ಅಕ್ಷರ ಓದಿದೆ. ನಿಧಾನವಾಗಿ, ಒಂದೊಂದೇ.

"ದಾರಿ ಎಲ್ಲರದು. ಹಜಾರ ಯಾರದು ಸುದರ್ಶನ್ ಅವರೇ? ನಿಮ್ಮ ಅಜ್ಜಿ ಮಾತು ಸುಳ್ಳೋ, ನಿಮ್ಮ ಆಳಿನ ಮಾತು ಸುಳ್ಳೋ? ಠಾಣೇಲಿ ಯಾವುದನ್ನ ಬರೆಸ್ತೀರಿ?"

ಅವನು ಅಜ್ಜಿ ಸುಳ್ಳು ಅನ್ನುವ ಹಾಗಿಲ್ಲ, ಅಜ್ಜಿ ನಿಜ ಅನ್ನುವ ಹಾಗೂ ಇಲ್ಲ. ಕೊನೆಗೆ ಪುಟ್ಟರಾಜುವೇ ತಟ್ಟೆ ಕೆಳಗಿಟ್ಟು, ಎರಡು ಕೈಯಲ್ಲೂ ಮುಖ ಒರೆಸಿಕೊಂಡ.

"ಅಣ್ಣೋರು ಹೇಳು ಅಂದ್ರು, ಹೇಳ್ದೆ ಸಾ. ಹುಡುಗನ ಮನೇರು ಕೇಸು ಹಾಕಿದ್ರೆ ಅಧ್ಯಕ್ಷರ ತಲೆಗ್ ಬತ್ತದೆ ಅಂದ್ರು. ನಾನು ಯಾರ್ನೂ ಕಂಡಿಲ್ಲ. ಆ ಸೈಕಲ್ಲು ಹೊರಗೇ ಇತ್ತು."

ಗೆದ್ದೆ. ಅಂಥ ಗೆಲುವು ಹಾಸನ ಜಿಲ್ಲೆ ಹುಟ್ಟಿದಾಗಿನಿಂದ ಇನ್ನೊಬ್ಬರಿಗೆ ಸಿಕ್ಕಿರಲಾರದು. ಕ್ಷಮಾಪಣೆಯ ಕಾಗದವನ್ನು ನಾಲ್ಕು ಚೂರು ಮಾಡಿ ಸ್ಟಾಂಪ್ ಪ್ಯಾಡಿನ ಮೇಲೆ ಹಾಕಿ, ಶೋಭಿತಾ ಈಗ ನನ್ನ ಕಾಲಿಗೆ ಬೀಳುತ್ತಾಳೆ, ಬೇಡಮ್ಮ ಅನ್ನಬೇಕು ಎಂದು ಸಿದ್ಧನಾಗಿ ನಿಂತೆ.

ಅವಳು ಎದ್ದಳು. ನನ್ನ ಕಡೆಗೂ ನೋಡಲಿಲ್ಲ.

"ಬೋಲ್ಟ್ ಮೇಲೆ ಗೆರೆ ಇತ್ತು" ಎಂದಳು. "ಅದು ನನ್ ಕೆಲಸ. ಅದನ್ನ ತೋರಿಸಿದ್ರು, ನೀವು ಯಾರೂ ನಂಬಲಿಲ್ಲ. ಚೈನ್ ತೋರಿಸಿದ್ರು, ನಂಬಲಿಲ್ಲ. ಒಳಗೆ ಬಿಟ್ಕೊಂಡಿಲ್ಲ ಅಂತ ಅಜ್ಜಿ ಹೇಳಿದ ತಕ್ಷಣ ಎಲ್ರೂ ನಂಬಿದ್ರಿ. ನಾನು ತಪ್ಪು ಮಾಡಿಲ್ಲ ಅನ್ನೋಕೆ ಇದೇ ಸಾಕ್ಷಿ ಆಗಬೇಕಿತ್ತಾ ಸಾ?"

ಕೊನೆಯ 'ಸಾ' ನನಗೇ ಹೇಳಿದ್ದು. ಮೀಸೆ ತಾನಾಗಿ ಇಳಿಯಿತು.

ಸುದರ್ಶನ ಆದದ್ದು ಆಯಿತು ಎಂದೇನೋ ಶುರು ಮಾಡಿದ. ಅವಳು ಕೈ ಎತ್ತಿ ನಿಲ್ಲಿಸಿದಳು. ಇನ್ನೊಂದು ಮಾತಿದೆ, ಅದನ್ನೂ ಯಾರೂ ಕೇಳಲಿಲ್ಲ ಎಂದಳು.

ಕೆಂಪು ಸೈಕಲ್ಲು ನಿಸರ್ಗನದಲ್ಲ. ಮೊದಲಿನಿಂದಲೂ ಅದು ಅವಳದೇ. ಶುಕ್ರವಾರ ಮಧ್ಯಾಹ್ನ ತಪಾಸಣೆ ಮುಗಿಸಿ ಹೊರಡುವಾಗ, ನಿಸರ್ಗ ಬಂದು ತನ್ನ ನೀಲಿ ಸೈಕಲ್ಲು ಗಿಡ್ಡವಾಯಿತು, ನಾಳೆ ಒಂದು ದಿನ ಬದಲಾಯಿಸಿಕೊಳ್ಳೋಣವೇ ಎಂದು ಕೇಳಿದ್ದ. ಆಗಲಿ ಎಂದು ಅವಳು ಗೆಳತಿಯ ಮನೆಗೆ ಹೋಗಿದ್ದಳು. ಅದು ಗೊತ್ತಿದ್ದದ್ದು ಅವರಿಬ್ಬರಿಗೆ ಮಾತ್ರ. ಅಜ್ಜಿಗೆ, ಪುಟ್ಟರಾಜುವಿಗೆ, ಇಡೀ ಬಳಗಕ್ಕೆ ಶುಕ್ರವಾರ ಸಂಜೆ ಕೆಂಪು ಸೈಕಲ್ಲು ಅಂದರೆ ಶೋಭಿತಾಳದೇ. ಶನಿವಾರ ಅವನು ಅದನ್ನೇ ಏರಿ ಬಿದ್ದದ್ದರಿಂದ ಕಾಗದದಲ್ಲಿ ಅದು ಅವನ ಸೈಕಲ್ಲಾಯಿತು.

ಜಗಲಿಯ ಮೇಲಿದ್ದವರು ಕೆಂಪು ಸೈಕಲ್ಲಿನ ಕಡೆ ತಿರುಗಿದರು.

ಮಳೆಯಲ್ಲಿ ಒಂಟಿಯಾಗಿ ನಿಂತ ಒಂದು ಸೈಕಲ್ಲು. ಅದು ಯಾರದೆಂದು ಇಡೀ ಮನೆಗೆ ಗೊತ್ತು. ಯಾರೋ ಬಂದು, ಬೋಲ್ಟಿನ ತಲೆಯ ತೂತಿಗೆ ಐದನೇ ನಂಬರಿನ ಅಲೆನ್ ಕೀ ಹಾಕಿ, ಮುಂದೆ ಎರಡು ಸುತ್ತು, ಹಿಂದೆ ಎರಡು ಸುತ್ತು ತಿರುಗಿಸಿ ಹೋಗಿದ್ದಾರೆ. ಹೆಗಲ ಮೂಳೆ ಮುರಿಯಬೇಕಾಗಿದ್ದದ್ದು ನಿಸರ್ಗನದಲ್ಲ.

"ಯಾತ್ರೆ ಬಿಡು ಶೋಭಿತಾ" ಎಂದೆ. ನನ್ನ ದನಿ ನನಗೇ ಹೊಸದಾಗಿ ಕೇಳಿತು.

"ಬಿಡಲ್ಲ ಸಾ. ಬಿಟ್ರೆ ಆ ಕಾಗದಕ್ಕೆ ಸಹಿ ಹಾಕ್ದಂಗೇಯ."

ಅವಳು ನೆಲದ ಮೇಲಿದ್ದ ಕಡತ ಎತ್ತಿ ಧೂಳು ಕೊಡವಿದಳು. ಮೆಟ್ಟಿಲ ಮೇಲೆ ನಿಂತೇ ಯೋಜನೆ ಓದಿದಳು. ಶನಿವಾರ ಬೆಳಿಗ್ಗೆ ಆರು ಗಂಟೆಗೆ ಮಲ್ಲಿಪಟ್ಟಣದ ಸರ್ಕಲ್ಲಿನಲ್ಲಿ ಎಲ್ಲರೂ ಇರಬೇಕು. ಕೋಳಿ ಇಲ್ಲ, ಸ್ಪೀಕರು ಇಲ್ಲ. ಹದ್ದಿನಬೋರೆಯ ಮೇಲೆ ನೀರು ಸಿಗುವುದು ಒಂದೇ ಒರತೆಯಲ್ಲಿ. ಅದನ್ನು ಅವಳಿಗೆ ತೋರಿಸಿಕೊಟ್ಟವನು ಅವಳ ತಾತ, ಆ ಬೆಟ್ಟದಲ್ಲಿ ದನ ಕಾಯುತ್ತಿದ್ದ ತಮ್ಮಯ್ಯ.

"ನಾನೇ ಮೊದಲು ಬಗ್ಗಿ ಕುಡಿದ ನೀರು ಅಂತ ಯಾರಿಗಾದ್ರೂ ಕಷ್ಟ ಆದ್ರೆ ಈಗ್ಲೇ ಹೇಳಿ, ಒಂದು ಡೇರೆ ಕಮ್ಮಿ ಮಾಡ್ಕೋತೀನಿ. ಮತ್ತೆ, ಪೇಪರ್ ಕಪ್ಪು ತರಬೇಡಿ. ಮೇಲೆ ಕಸ ಹಾಕಂಗಿಲ್ಲ."

ಬರುವವರು ಕೈ ಎತ್ತಿ ಎಂದಳು. ಒಂದೊಂದಾಗಿ ಒಂಬತ್ತು ಕೈ ಎದ್ದವು. ಸುದರ್ಶನನ ಕೈ ಕೊನೆಗೆ, ಅಜ್ಜಿಗೆ ಕಾಣದ ಹಾಗೆ, ಅರ್ಧ ಎದ್ದಿತು. ಬೋಲ್ಟು ತಿರುಗಿಸಿದ ಕೈಯೂ ಅವುಗಳಲ್ಲೇ ಒಂದಿರಬೇಕು ಅನ್ನಿಸಿ ನಾನು ಒಂದೊಂದು ಬೆರಳನ್ನೂ ಎಣಿಸುತ್ತಾ ಹೋದೆ.

ಆ ಹೊತ್ತಿಗೆ ಹೊನ್ನಕ್ಕ ಹೊಸ್ತಿಲು ದಾಟಿ ಬಂದಳು. ಬಾಯಲ್ಲಿ ಎಲೆ ಇತ್ತು, ಅಗಿಯುತ್ತಿರಲಿಲ್ಲ. ನನ್ನ ಕಿವಿಯ ಹತ್ತಿರ ಬಗ್ಗಿ, ತುಟಿ ಅಲುಗದ ಹಾಗೆ ಹೇಳಿದಳು. ದೊಡ್ಡತಾಯಮ್ಮ ಶುಕ್ರವಾರ ದೀಪ ಹಚ್ಚುವ ಹೊತ್ತಿನಲ್ಲಿ, ಮಳೆ ಹುಯ್ಯುತ್ತಿರುವಾಗ, ಆ ಕಿಟಕಿಯಿಂದ ಒಬ್ಬನನ್ನು ಕಂಡಿದ್ದರಂತೆ. ರೇನ್‌ಕೋಟು ಹಾಕಿಕೊಂಡು ಕೆಂಪು ಸೈಕಲ್ಲಿನ ಪಕ್ಕ ಕುಕ್ಕರುಗಾಲಲ್ಲಿ ಕೂತಿದ್ದನಂತೆ. ಏನಪ್ಪಾ ಮಾಡ್ತಿದ್ದೀಯ ಎಂದು ಕೂಗಿದ್ದಕ್ಕೆ, ಪಾಪ ಆ ಹುಡುಗಿ ಸೈಕಲ್ಲು ನೆನೀತಿದೆ ಅಜ್ಜಿ, ಟಾರ್ಪಾಲು ಹೊದಿಸ್ತಿದ್ದೀನಿ ಎಂದನಂತೆ.

"ಎಂಥಾ ಒಳ್ಳೆ ಹುಡುಗ ಅಂತ ಅಜ್ಜಿ ಈಗ್ಲೂ ಒಗಳ್ತಾವ್ರೆ ಕಣ್ಲಾ" ಎಂದಳು ಅಕ್ಕ.

"ಯಾರಂತೆ?"

ಅಕ್ಕ ಕಣ್ಣಲ್ಲೇ ಮೆಟ್ಟಿಲ ಕಡೆ ತೋರಿಸಿದಳು.

ನಾನು ನನ್ನ ಬೆರಳು ನೋಡಿಕೊಂಡೆ. ತುಕ್ಕು ಇನ್ನೂ ಹಾಗೇ ಇತ್ತು. ಟಾರ್ಪಾಲು ಹೊದ್ದ ಸೈಕಲ್ಲಿನ ಚೈನಿಗೆ ಇಷ್ಟು ತುಕ್ಕು ಎಲ್ಲಿಂದ ಬರಬೇಕು?

ಮೆಟ್ಟಿಲ ಮೇಲೆ ಶೋಭಿತಾ ಕೊನೆಯ ಹಾಳೆ ಓದುತ್ತಿದ್ದಳು. ಇಳಿಜಾರಿನಲ್ಲಿ ಮುಂದೆ ತಾನು, ತನ್ನ ಬೆನ್ನಿಗೆ ಅರುಣಣ್ಣ. ಹೊರಡುವ ಮುಂಚೆ ತನ್ನ ಸೈಕಲ್ಲನ್ನು ತಾನೇ ನೋಡಿಕೊಂಡರೆ ಮತ್ತೆ ಮಾತು ಬರುತ್ತದೆ, ಆದ್ದರಿಂದ ಅದರ ಬ್ರೇಕು ತಪಾಸಣೆಯೂ ಅರುಣಣ್ಣನದೇ. ಹಾಗಂದು ತನ್ನ ಚೀಲದಿಂದ ಐದನೇ ನಂಬರಿನ ಅಲೆನ್ ಕೀ ತೆಗೆದು, ಪಕ್ಕದಲ್ಲಿ ಪೇಪರ್ ಕಪ್ಪು ಹಿಡಿದು ಕೂತಿದ್ದ ಅರುಣ್‌ಕುಮಾರನ ಕೈಗೆ ಕೊಟ್ಟಳು.

ಅವನು ಅದನ್ನು ಜೇಬಿಗೆ ಹಾಕಿಕೊಂಡ. ತಲೆ ಎತ್ತಿ ಹೊನ್ನಕ್ಕನ ಮುಖ ನೋಡಿದ, ಆಮೇಲೆ ನನ್ನದು.

ಬಸ್ಸನ್ನೇ ನಿಲ್ಲಿಸಿದ್ದ ನನ್ನ ಗಂಟಲಿನಿಂದ ಒಂದು ಸೊಲ್ಲೂ ಹೊರಡಲಿಲ್ಲ.